ಎರಡನೆಯ ಬಕೆಟ್ಟು

ನಲ್ಲಿ ತಿರುಗಿಸಿ ಬಚ್ಚಲಲ್ಲಿ ನಿಂತಿದ್ದವನಿಗೆ, ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿದೆ ಎಂಬುದು ಕಾಲಿನ ಬೆರಳು ತಣ್ಣಗಾದ ಮೇಲೆಯೇ ಗೊತ್ತಾಯಿತು. ನಲ್ಲಿ ನಿಲ್ಲಿಸಲಿಲ್ಲ. ಬಗ್ಗಿ ಬಕೆಟ್ಟಿನ ತಳ ನೋಡಿದ, ಕೈಯಾಡಿಸಿದ, ಬಿರುಕಿಲ್ಲ. ಬಕೆಟ್ಟು ಕಂಡರೆ ಮೊದಲು ತಳ ನೋಡುವುದು ಹತ್ತೊಂಬತ್ತು ವರ್ಷದಿಂದ ಅವನಿಗೆ ಅಂಟಿಕೊಂಡ ಚಾಳಿ. ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಒಮ್ಮೆ ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವವಳ ಬಕೆಟ್ಟನ್ನೂ ಎತ್ತಿ ನೋಡಿ ಬೈಸಿಕೊಂಡಿದ್ದ. ಹೆಂಡತಿ ಅದನ್ನು ಶುಚಿತ್ವ ಎಂದುಕೊಂಡಿದ್ದಳು. "ನಮ್ಮನೆಯವರಿಗೆ ಎಲ್ಲಾ ಸ್ವಚ್ಛವಾಗಿರ್ಬೇಕು" ಎಂದು ಪಕ್ಕದ ಮನೆಯವಳ ಹತ್ತಿರ ಅವಳು ಹೇಳಿಕೊಳ್ಳುವಾಗ ಅವನು ಏನೋ ನೆವ ತೆಗೆದು ಎದ್ದು ಹೋಗುತ್ತಿದ್ದ. "ಒಳಗೇನು ಹೊಳೆ ಹರಿಸ್ತಿದೀರಾ?" ಎಂದು ಈಗ ಅಡುಗೆಮನೆಯಿಂದ ಕೂಗಿದಳು. ಹೊಳೆ ಎಂಬ ಮಾತಿಗೆ ಬೆಚ್ಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ತನ್ನ ಹೆಗಲು ಮುಟ್ಟಿ ಮುಟ್ಟಿಯೇ ಸವೆದುಹೋಗಿದೆ ಎಂದುಕೊಂಡು ನಲ್ಲಿ ನಿಲ್ಲಿಸಿದ.

ನಿನ್ನೆ ಸಂಜೆ ಮನೆಗೆ ಹೊರಟಿದ್ದವನನ್ನು ಹೊಸ ಹುಡುಗಿ ಮೆಟ್ಟಿಲ ಹತ್ತಿರ ನಿಲ್ಲಿಸಿದ್ದಳು. ಹೊಸಬಳೇನಲ್ಲ, ಮೀನಿನ ಸಂಶೋಧನಾ ಕೇಂದ್ರಕ್ಕೆ ಬಂದು ಎರಡು ವರ್ಷವಾಗಿತ್ತು. ಅವಳ ನಂತರ ಯಾರೂ ಬರದೆ ಹೊಸ ಹುಡುಗಿಯಾಗಿಯೇ ಉಳಿದಿದ್ದಳು. ಮೀನಿನ ಕಿವಿರಿನಿಂದ ಹುಳ ಬಿಡಿಸಿ, ಬಣ್ಣ ಕುಡಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸುವುದು ಇಪ್ಪತ್ತಾರು ವರ್ಷದಿಂದ ಅವನ ಕೆಲಸ. ಕೇಂದ್ರದಲ್ಲಿ ಎಲ್ಲರೂ ಅವನನ್ನು ಗಾಜಪ್ಪ ಅನ್ನುತ್ತಿದ್ದರು, ಅವಳು ಮಾತ್ರ ಸರ್ ಅನ್ನುತ್ತಿದ್ದಳು. ಹಾಗೆ ಕರೆದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಸರ್, ನಿಮ್ಮ ಹುಳ ಇದೆಯಲ್ಲ, ಅದು ನನಗೆ ಗೆಂಡೆ ಮೀನಲ್ಲಿ ಸಿಕ್ತು."

"ಗೆಂಡೆಯೊಳಗಾ?"

"ಆ ಹೊಳೆಯದೇ ಹದಿನಾಲ್ಕು ಗೆಂಡೆ ಕೊಯ್ದೆ, ಹನ್ನೊಂದರಲ್ಲಿ ಇದೆ. ಅದೇ ಕೊಕ್ಕೆ, ಅದೇ ಅಳತೆ. ಮೀಸೆಮೀನಲ್ಲಿ ನೋಡಿದ್ರೆ ಒಂದೂ ಇಲ್ಲ." ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನೀವು ಮೀಸೆಮೀನು ಹಿಡಿದ ದಿನ ಗೆಂಡೆಯೂ ಅದೂ ಬೇರೆ ಬೇರೆ ಬಕೆಟ್ಟಲ್ಲೇ ಇದ್ದುವಲ್ವಾ ಸರ್? ಬೇರೆ ಬೇರೆ ಅಂದ್ರೆ ಇನ್ನೊಂದು ನಾಲ್ಕು ವರ್ಷ ನಾನು ಮೀಸೆಮೀನಲ್ಲಿ ಹುಡುಕ್ತೀನಿ. ಒಂದೇ ಆಗಿದ್ರೆ ಹುಡುಕೋ ಕೆಲಸವೇ ಇಲ್ಲ. ನಾಳೆ ಮೇಡಂ ಬರ್ತಾರೆ. ಅವರಿಗೆ ಹೇಳೋಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ."

"ನೆನಪು ಮಾಡ್ಕೊಂಡು ಹೇಳ್ತೀನಮ್ಮ" ಅಂದಿದ್ದ. ನೆನಪು ಮಾಡಿಕೊಳ್ಳಬೇಕಂತೆ. ಮೆಟ್ಟಿಲಿಳಿಯುತ್ತ ಆ ಮಾತಿಗೆ ತನಗೇ ಅಸಹ್ಯವಾಗಿತ್ತು.

ಕೇಂದ್ರದ ಕಾರಿಡಾರಿನ ಗೋಡೆಯ ಮೇಲೆ, ಮೂರು ವರ್ಷದ ಹಿಂದಿನವರೆಗೂ ಅಲ್ಲಿನ ಹಿರಿಯ ವಿಜ್ಞಾನಿಯಾಗಿದ್ದ ಮೇಡಂ ಕೈಯಾರೆ ಬರೆದ ದೊಡ್ಡ ಪಟವಿದೆ. ಎಡಕ್ಕೆ ಮೀನುಗಳ ವಂಶವೃಕ್ಷ, ಬಲಕ್ಕೆ ಕಿವಿರುಹುಳಗಳ ವಂಶವೃಕ್ಷ, ಎರಡೂ ಒಂದರ ಮುಖ ಒಂದು ನೋಡುತ್ತ ಅಡ್ಡ ಮಲಗಿವೆ. ಯಾವ ಮೀನಿಗೆ ಯಾವ ಹುಳ ಎಂದು ನಡುವೆ ಗೆರೆ ಎಳೆದಿದೆ. ಗುಡ್ಡ ಎದ್ದು ಹೊಳೆ ಎರಡಾದರೆ ಮೀನು ಎರಡು ಪಂಗಡವಾಗುತ್ತದೆ, ಲಕ್ಷಾಂತರ ವರ್ಷ ಕಳೆದು ಎರಡು ಜಾತಿಯಾಗುತ್ತದೆ, ಅದರ ಕಿವಿರಿಗೆ ಕಚ್ಚಿಕೊಂಡ ಹುಳವೂ ಜೊತೆಯಲ್ಲೇ ಎರಡು ಜಾತಿಯಾಗುತ್ತದೆ. ಸಾಸಿವೆಯ ಕಾಲು ಭಾಗವೂ ಇರದ ಹುಳ, ಬಾಲದಲ್ಲಿ ಎರಡು ಕೊಕ್ಕೆ, ಆ ಕೊಕ್ಕೆ ಆ ಮೀನಿನ ಕಿವಿರಿಗೇ ಅಳತೆ ಕೊಟ್ಟು ಹೊಲಿಸಿದ ಚಪ್ಪಲಿಯಂತೆ. ಕಿವಿರಿನ ಎಸಳು ದಪ್ಪವಾದರೆ ಕೊಕ್ಕೆ ಉದ್ದವಾಗುತ್ತದೆ. ಹುಳ ಅತಿ ಮಾಡಿದರೆ ಮೀನು ಸಾಯುತ್ತದೆ, ಮೀನು ಸತ್ತರೆ ಹುಳಕ್ಕೂ ಗತಿಯಿಲ್ಲ. ಹಾಗಾಗಿ ಇದು ಅಷ್ಟು ಕಚ್ಚುತ್ತದೆ, ಅದು ಅಷ್ಟು ತಾಳಿಕೊಳ್ಳುತ್ತದೆ. "ಹುಳಕ್ಕೆ ಮೀನೇ ಊರು. ಊರು ಒಡೆದ್ರೆ ವಂಶವೂ ಒಡೆಯುತ್ತೆ" ಎಂದು ಮೇಡಂ ಹೊಸಬರಿಗೆಲ್ಲ ಹೇಳುತ್ತಿದ್ದರು. ಆ ಪಟದಲ್ಲಿ ಎಲ್ಲ ಗೆರೆಗಳೂ ನೆಟ್ಟಗಿವೆ, ಒಂದು ಬಿಟ್ಟು. ಒಂದು ಕೆಂಪು ಗೆರೆ ಉಳಿದವನ್ನೆಲ್ಲ ಕತ್ತರಿಸಿಕೊಂಡು ಗೆಂಡೆಯ ಬಳಗದ ಹುಳವೊಂದರಿಂದ ಎಲ್ಲೋ ಕೆಳಗಿರುವ ಮೀಸೆಮೀನಿಗೆ ಓಡುತ್ತದೆ. ತನ್ನ ಊರು ಬಿಟ್ಟು ಸಂಬಂಧವೇ ಇಲ್ಲದ ಮೀನಿಗೆ ಹಾರಿದ ಹುಳ. ಮೇಡಂಗೆ ಹೆಸರು ಬಂದದ್ದು ಆ ಗೆರೆಯಿಂದ, ಅವರ ಪುಸ್ತಕದ ಮುಖಪುಟದಲ್ಲಿರುವುದೂ ಅದೇ. ಹುಳಕ್ಕೆ ಅವರು ಇಟ್ಟದ್ದು ಅವನ ಹೆಸರು. ಗಾಜಪ್ಪ ಅಂತಲ್ಲ, ಅಪ್ಪ ಅಮ್ಮ ಇಟ್ಟ ನಿಜವಾದ ಹೆಸರು, ಕೊನೆಗೊಂದು ಲ್ಯಾಟಿನ್ ಬಾಲ ಸೇರಿಸಿ. ಸ್ಲೈಡು ಅಷ್ಟು ಚೆನ್ನಾಗಿ ಮಾಡಿದ್ದಾನೆ ಎಂದು.

ಆ ದಿನ ಹೊಳೆಯ ದಂಡೆಯಲ್ಲಿ ಕೂರಲು ಒಣಗಿದ ಕಲ್ಲಿರಲಿಲ್ಲ. ಆಗ ಅವನು ದಪ್ಪಗಿದ್ದ. ಬೆಳಿಗ್ಗೆ ಜೀಪು ಹತ್ತುವಾಗ ಡ್ರೈವರು, "ಗಾಜಪ್ಪ ಕೂತ ಕಡೆ ಗಾಡಿ ವಾಲುತ್ತೆ, ಸ್ವಲ್ಪ ಮಧ್ಯಕ್ಕೆ ಬಾರಪ್ಪ" ಅಂದಿದ್ದ, ಎಲ್ಲರೂ ನಕ್ಕಿದ್ದರು, ಮೇಡಂ ಕೂಡ ಕಿಟಕಿಯ ಕಡೆ ತಿರುಗಿ ತುಟಿಯಲ್ಲೇ ನಕ್ಕಿದ್ದು ಕಂಡಿತ್ತು. ಅವನೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ. ದಂಡೆಯಲ್ಲಿ ಎರಡನೆಯ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೂತದ್ದೇ ಠಪ್ಪೆಂದು ತಳ ಸೀಳಿತು. ಮೇಡಂ ಸೊಂಟದುದ್ದ ನೀರಿನಲ್ಲಿ ಬಲೆ ಹಿಡಿದಿದ್ದರು, ಡ್ರೈವರು ಜೀಪಿನಲ್ಲಿ ಮಲಗಿದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ. ಒಡೆದ ಬಕೆಟ್ಟನ್ನು ಜೊಂಡಿನೊಳಗೆ ತುರುಕಿ ಬಂದಾಗ ಅವನಿಗಿದ್ದ ಚಿಂತೆ ಒಂದೇ, ಸಂಜೆ ವಾಪಸು ಹೋಗುವಾಗ ಜೀಪಿನಲ್ಲಿ ಮತ್ತೆ ನಗಬಾರದು. ಒಂದು ಮೀನಿಗೆ ಒಂದು ಬಕೆಟ್ಟು ಎಂಬುದು ಕೇಂದ್ರದ ಮೊದಲ ಪಾಠ. ಬಳಲಿದ ಮೀನಿನಿಂದ ಹುಳ ಕಳಚಿಕೊಂಡು ಪಕ್ಕದ ಮೀನಿಗೆ ದಾಟುತ್ತದೆ. ಉಳಿದ ಬಕೆಟ್ಟಿನಲ್ಲಿ ಬಲೆಗೆ ಸಿಕ್ಕು ಕಿವಿರು ಹರಿದ ಗೆಂಡೆಯೊಂದು ಬಾಯಿ ಬಿಡುತ್ತಿತ್ತು. ಮೇಡಂ ಎತ್ತಿಕೊಟ್ಟ ಮೀಸೆಮೀನನ್ನು, ಅಂಗೈಯಗಲದ ಅಪರೂಪದ ಮೀನನ್ನು, ಅದರ ಜೊತೆಗೇ ಬಿಟ್ಟ. ಮಧ್ಯಾಹ್ನವೆಲ್ಲ ಎರಡೂ ಒಂದೇ ನೀರಿನಲ್ಲಿ ಸುತ್ತಿದವು. ಹೊರಡುವ ಮುಂಚೆ ಗೆಂಡೆಯನ್ನು ಹೊಳೆಗೆ ಚೆಲ್ಲಿದ. ಗೆಂಡೆಗೇನು ಬರವೇ, ಬೇಕಾದಷ್ಟಿವೆ. ಮೇಡಂ ದಂಡೆ ಹತ್ತಿ ಕನ್ನಡಕ ಒರೆಸಿಕೊಳ್ಳುತ್ತ, ಊಟ ಆಯ್ತಾ ಅನ್ನುವ ಹಾಗೆ, ಪ್ರತಿ ಸಲ ಕೇಳುವ ಹಾಗೆ ಕೇಳಿದರು: "ಬೇರೆ ಬೇರೆ ಬಕೆಟ್ ತಾನೆ?"

"ಹೌದು ಮೇಡಂ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಬಕೆಟ್ಟು ಒಡೆದರೆ ಮಾತ್ರ ಹತ್ತೊಂಬತ್ತು ವರ್ಷವಾದರೂ ಹೋಗುವುದಿಲ್ಲ. ಮರುದಿನ ಮೀಸೆಮೀನಿನ ಕಿವಿರಿನಲ್ಲಿ ಮೂರು ಹುಳ ಸಿಕ್ಕಿದವು. ಸೂಕ್ಷ್ಮದರ್ಶಕದಿಂದ ತಲೆಯೆತ್ತದೆಯೇ ಮೇಡಂ ಅವನ ತೋಳು ಹಿಡಿದು ಎಳೆದಿದ್ದರು. "ನೋಡಿ ಇಲ್ಲಿ. ಇದು ಇಲ್ಲಿ ಇರಲೇಬಾರದು. ಗೆಂಡೆಯ ಬಳಗದ್ದು ಇದು, ಆದ್ರೆ ಇಂಥದ್ದನ್ನ ಯಾರೂ ನೋಡೇ ಇಲ್ಲ." ಯಾರೂ ನೋಡಿರಲಿಲ್ಲ ನಿಜ, ಆ ಹೊಳೆಯ ಗೆಂಡೆ ತೀರ ಮಾಮೂಲಿ ಮೀನು, ಅದನ್ನು ಕೊಯ್ದು ನೋಡುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ. ಆ ಕ್ಷಣದಲ್ಲೇ ಅವನಿಗೆ ಬಕೆಟ್ಟಿನ ನೆನಪಾಯಿತೇ, ಅಥವಾ ಎರಡು ದಿನ ಬಿಟ್ಟೇ? ಇದನ್ನು ಅವನು ಸಾವಿರ ಸಲ ಕೇಳಿಕೊಂಡಿದ್ದಾನೆ. ಎರಡು ದಿನ ಬಿಟ್ಟು ಎಂದಾದರೆ ತಪ್ಪು ಸ್ವಲ್ಪ ಚಿಕ್ಕದಾಗುತ್ತದೆ. ಆದರೆ ತೋಳು ಹಿಡಿದ ಮೇಡಂ ಕೈ ಬೆಚ್ಚಗಿದ್ದದ್ದೂ, ಯಾರೂ ತನ್ನನ್ನು ಹಾಗೆ ಹಿಡಿದು ಏನನ್ನೂ ತೋರಿಸಿರಲಿಲ್ಲ ಎನ್ನಿಸಿದ್ದೂ, ಅದೇ ಹೊತ್ತಿಗೆ ಬಕೆಟ್ಟು ಠಪ್ಪೆಂದ ಸದ್ದು ಮತ್ತೆ ಕೇಳಿಸಿದ್ದೂ ಚೆನ್ನಾಗಿ ನೆನಪಿದೆ.

"ಆ ಶರ್ಟ್ ಬೇಡ ರೀ, ಕಾಲರ್ ಹರಿದಿದೆ. ಇವತ್ತು ಮೇಡಂ ಬರೋ ದಿನ ಅಲ್ವಾ" ಎಂದಳು ಹೆಂಡತಿ. ತಿಂಡಿಯ ತಟ್ಟೆ ಇಟ್ಟು, ಸೆರಗಿನ ತುದಿಯಿಂದ ಗೋಡೆಯ ಮೇಲಿನ ಕಟ್ಟನ್ನು ಒರೆಸಿದಳು. ಹುಳದ ಹೆಸರು ಅಚ್ಚಾದ ಪುಟಕ್ಕೆ ಅವಳೇ ಕಟ್ಟು ಹಾಕಿಸಿದ್ದಳು. ಓದಲು ಬರದ ಭಾಷೆ, ಆದರೆ ಗಂಡನ ಹೆಸರು ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಅವಳ ಅಪ್ಪ ಮೊದಲ ಸಲ ನೋಡಿ, "ಬೇರೆ ಅಳಿಯಂದಿರ ಹೆಸರು ರಸ್ತೆಗೆ ಇಡ್ತಾರೆ, ನಮ್ಮ ಅಳಿಯನ ಹೆಸರು ಹುಳಕ್ಕೆ ಇಟ್ಟಿದಾರೆ" ಎಂದು ಬಂದವರನ್ನೆಲ್ಲ ನಗಿಸಿದ್ದರು. ಮಗಳು ಶಾಲೆಯಲ್ಲಿ ನಮ್ಮಪ್ಪನ ಹೆಸರಿನ ಹುಳ ಇದೆ ಅಂತ ಎದ್ದು ನಿಂತು ಹೇಳಿ, ಟೀಚರೂ ನಕ್ಕು, ಅಳುತ್ತ ಬಂದಿದ್ದಳು. ಅವತ್ತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೀನೂ ನಾನೂ ಸತ್ತ ಮೇಲೂ ಆ ಹೆಸರು ಇರುತ್ತೆ ಪುಟ್ಟಿ, ನಗೋರೆಲ್ಲ ನಗಲಿ" ಅಂದಿದ್ದ. ಹೇಳುತ್ತಿದ್ದಂತೆ ತನಗೇ ಅದು ನಿಜವೆನ್ನಿಸಿ ಕಣ್ಣು ಒದ್ದೆಯಾಗಿತ್ತು. ಈಗ ತಟ್ಟೆಯ ಮುಂದೆ ಕೂತು, ಈ ಕಟ್ಟು ಇಳಿಸಿದರೆ ಗೋಡೆಯ ಮೇಲೆ ಅಷ್ಟಗಲ ಬಿಳಿ ಚೌಕ ಉಳಿಯುತ್ತದಲ್ಲ, ಅದಕ್ಕೆ ಅವಳಿಗೆ ಏನು ಹೇಳುವುದು ಎಂದು ಯೋಚಿಸಿದ. ಎರಡನೆಯ ತುತ್ತನ್ನು ತಟ್ಟೆಗೇ ಇಟ್ಟ. "ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?" ಎಂದಳು. ಸರಿಯಾಗೇ ಇದೆ ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹನ್ನೊಂದು ಸಲ. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಸಲ ಮೇಡಂ ಆ ಹೊಳೆಗೆ ಹೋದರು, ಮೀಸೆಮೀನಿನಲ್ಲಿ ಆ ಹುಳವನ್ನು ಇನ್ನೊಮ್ಮೆ ಕಾಣಲು. ಹನ್ನೊಂದು ಸಲವೂ ಅವನು ಜೊತೆಗಿದ್ದ, ಹನ್ನೊಂದು ಸಲವೂ ಹೊಸ ಬಕೆಟ್ಟುಗಳು, ತಳ ನೋಡಿ ಆರಿಸಿದವು. ಸಿಗದಿದ್ದಾಗಲೆಲ್ಲ ಮೇಡಂ ಒಂದೊಂದು ಕಾರಣ ಕಂಡುಹಿಡಿಯುತ್ತಿದ್ದರು, ಈ ವರ್ಷ ನೀರು ಬಿಸಿ, ಈ ವರ್ಷ ಮರಳು ತೆಗೆದಿದ್ದಾರೆ, ಇದು ಮರಿಮೀನು. ಅವನು ತಲೆಯಾಡಿಸುತ್ತಿದ್ದ. ಆರನೆಯ ಸಲ ಹೋದಾಗ ಅವರ ಅಕ್ಕ ಆಸ್ಪತ್ರೆಯಲ್ಲಿದ್ದರು. ಫೋನು ಬಂದಾಗ ಮೇಡಂ ಒದ್ದೆ ಕೈಯಲ್ಲೇ ಹಿಡಿದು ಕೇಳಿಸಿಕೊಂಡು, "ಇನ್ನೆರಡು ದಿನ ಅಷ್ಟೆ, ಬಂದುಬಿಡ್ತೀನಿ" ಅಂದರು. ಆಗ ಅವನು ಬಾಯಿ ತೆರೆದಿದ್ದ. ದೇವರಾಣೆ ತೆರೆದಿದ್ದ. "ಮೇಡಂ" ಅನ್ನುವವರೆಗೂ ಬಂದಿತ್ತು. "ಬಕೆಟ್ ತನ್ನಿ" ಅಂದರು ಅವರು, ಅವನು ತಂದ. ಅವರು ವಾಪಸಾಗುವ ಹಿಂದಿನ ದಿನ ಅಕ್ಕ ಹೋಗಿಬಿಟ್ಟಿದ್ದರು. ಅದಾದ ಮೇಲೆ ಹೇಳುವುದು ಸಾಧ್ಯವೇ ಇರಲಿಲ್ಲ. ಬಕೆಟ್ಟಿನ ಜೊತೆ ಆ ಎರಡು ದಿನವನ್ನೂ ಹೇಳಬೇಕಾಗುತ್ತಿತ್ತು. ಸುಳ್ಳೂ ಆ ಹುಳದ ಹಾಗೇ ಇರಬೇಕು, ಒಂದು ಕಡೆ ಕಚ್ಚಿಕೊಂಡರೆ ಆ ಮನುಷ್ಯನ ಅಳತೆಗೆ ತಕ್ಕಂತೆ ಬೆಳೆಯುತ್ತದೆ, ಕೊಲ್ಲುವುದಿಲ್ಲ, ಬಿಡುವುದೂ ಇಲ್ಲ. ಇಂಥ ಹೋಲಿಕೆ ಮೇಡಂಗೆ ಹಿಡಿಸುತ್ತಿರಲಿಲ್ಲ. ಹುಳಕ್ಕೆ ನಿಮ್ಮ ಪಾಪಪುಣ್ಯ ಹೊರಿಸಬೇಡಿ, ಅದರ ಪಾಡಿಗೆ ಅದು ಬದುಕ್ತಿದೆ, ಅನ್ನುತ್ತಿದ್ದರು. ಕಂಡಕ್ಟರು ಎರಡು ಸಲ ಕರೆದ ಮೇಲೆ ಇಳಿದ.

ಪ್ರಯೋಗಾಲಯದಲ್ಲಿ ಇನ್ನೂ ಯಾರೂ ಇರಲಿಲ್ಲ. ಸ್ಪಿರಿಟ್ಟಿನ ವಾಸನೆ, ತೊಟ್ಟಿಕ್ಕುವ ನಲ್ಲಿ, ಒರೆಸಿಟ್ಟ ತಟ್ಟೆಗಳು. ಬೀರುವಿನ ಮೂರನೆಯ ಅರೆ ಎಳೆದು ಆ ಸ್ಲೈಡನ್ನು ತೆಗೆದ. ಮೂಲೆಯಲ್ಲಿ ಅವನದೇ ಅಕ್ಷರದ ಚೀಟಿ, ನಡುವೆ ಗುಲಾಬಿ ಬಣ್ಣದ ಚುಕ್ಕೆ. ಅದನ್ನು ಬೆಳಕಿಗೆ ಹಿಡಿದ. ನೆಲಕ್ಕೆ ಕಲ್ಲು ಹಾಸಿದೆ. ಇಪ್ಪತ್ತಾರು ವರ್ಷದಲ್ಲಿ ಗಾಜಪ್ಪನ ಕೈಯಿಂದ ಒಂದು ಗಾಜೂ ಬಿದ್ದಿಲ್ಲ. ಇವತ್ತು ಬಿದ್ದರೆ ವಯಸ್ಸಾಯಿತು ಪಾಪ ಅನ್ನುತ್ತಾರೆ. ಹುಡುಗಿ ತನ್ನ ಗೆಂಡೆಯ ಹುಳವನ್ನು ಯಾವುದರ ಪಕ್ಕ ಇಟ್ಟು ತೋರಿಸುತ್ತಾಳೆ? ಬೆರಳು ಸ್ವಲ್ಪ ಸಡಿಲಿಸಿದ. ಸ್ಲೈಡು ಒಂದು ಕೂದಲಷ್ಟು ಜಾರಿತು. ಜಾರಿದ್ದೇ ಅವನ ಇನ್ನೊಂದು ಕೈ ತಾನಾಗಿ ಕೆಳಗೆ ಬಂದು ಬೊಗಸೆಯೊಡ್ಡಿತು. ಬಿಡಲು ಆಗಲಿಲ್ಲ. ಧರ್ಮಕ್ಕೆ ಹೆದರಿಯಲ್ಲ, ಅಷ್ಟು ಚೆನ್ನಾಗಿ ಮಾಡಿದ ಸ್ಲೈಡು ಅದು, ಹುಳದ ಒಂದು ಮೂಲೆಯೂ ಮಡಚಿರಲಿಲ್ಲ. ತನ್ನ ಬಾಳಿನಲ್ಲಿ ಇಷ್ಟು ನೀಟಾದ ಕೆಲಸ ಇನ್ನೊಂದಿಲ್ಲ ಎಂದು ತೋರಿ, ಸ್ಟೂಲಿನ ಮೇಲೆ ಕುಸಿದು ಕೂತ. ಸ್ಟೂಲು ಕಿರ್ ಅಂದಿತು, ಗಾಬರಿಯಿಂದ ಮತ್ತೆ ಎದ್ದು ನಿಂತ.

ಹನ್ನೊಂದು ಗಂಟೆಗೆ ಮೇಡಂ ಬಂದರು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹುಡುಗಿಯ ತೋಳು ಹಿಡಿದುಕೊಂಡು. ನಿವೃತ್ತಿಯಾಗಿ ಮೂರು ವರ್ಷ, ಕಣ್ಣಿನ ನಡುಭಾಗ ಮಂಜಾಗಿ ಅಂಚುಗಳಷ್ಟೇ ಕಾಣುತ್ತಿತ್ತು. ಯಾರನ್ನಾದರೂ ನೋಡಬೇಕಾದರೆ ಮುಖವನ್ನು ಸ್ವಲ್ಪ ಆಚೆ ತಿರುಗಿಸುತ್ತಿದ್ದರು. ಕಾರಿಡಾರಿನಲ್ಲಿ ಪಟದ ಮುಂದೆ ನಿಂತು ಕೆಂಪು ಗೆರೆಯನ್ನು ಬೆರಳಿಂದ ಹುಡುಕಿ, ಸರಿಯಾಗಿ ಅದರ ಮೇಲೆಯೇ ಬೆರಳಿಟ್ಟು, ಆಮೇಲೆ ಒಳಗೆ ಬಂದರು. ಅವನ ಹೆಸರು ಹಿಡಿದು ಕರೆದು "ಹೇಗಿದೀರಿ?" ಅಂದರು. ಅಲ್ಲಿ ಅವನ ಹೆಸರು ಕರೆಯುತ್ತಿದ್ದವರು ಅವರೊಬ್ಬರೇ. ಹುಡುಗಿ ಕುರ್ಚಿ ಎಳೆದು ಕೂರಿಸಿದಳು, ತನ್ನ ಕಾಗದಗಳನ್ನು ತೆಗೆದಳು, ಅವನ ಕಡೆ ಒಂದು ಸಲ ನೋಡಿದಳು. ಅವನು ಒರೆಸಿದ ತಟ್ಟೆಯನ್ನೇ ಒರೆಸುತ್ತಿದ್ದ.

"ಮೇಡಂ, ಅದು ಗೆಂಡೆಯಲ್ಲಿ ಸಿಕ್ಕಿದೆ."

"ಎಷ್ಟರಲ್ಲಿ?"

"ಹದಿನಾಲ್ಕರಲ್ಲಿ ಹನ್ನೊಂದು."

"ಮೀಸೆಮೀನಲ್ಲಿ?"

"ಇಲ್ಲ ಮೇಡಂ."

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿ ಮೆಲ್ಲಗೆ, "ಇದ್ದರೂ ಇರಬಹುದು ಮೇಡಂ. ಎರಡರಲ್ಲೂ ಇರಬಹುದು. ನಾನು ಮುಂದಿನ ವರ್ಷ ಮೇಲಿನ ಹೊಳೆಗೆ ಹೋಗಿ ಹುಡುಕ್ತೀನಿ" ಅಂದಳು. ಮರಿಮೀನು, ಬಿಸಿನೀರು, ಮರಳು. ಅವಳ ದನಿಯಲ್ಲಿ ಅವನಿಗೆ ಹಳೆಯ ಕಾರಣಗಳೆಲ್ಲ ಕೇಳಿಸಿದವು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗಿ, ಇವಳೂ ಸೊಂಟದುದ್ದ ನೀರಿನಲ್ಲಿ ನಿಲ್ಲುತ್ತಾಳೆ, ಇವಳಿಗೂ ಎಲ್ಲಿಂದಲೋ ಫೋನು ಬರುತ್ತದೆ, ಇನ್ನೆರಡು ದಿನ ಅನ್ನುತ್ತಾಳೆ. ತಟ್ಟೆಯನ್ನು ಕೆಳಗಿಟ್ಟ.

"ಒಂದೇ ಬಕೆಟ್ ಮೇಡಂ" ಎಂದ.

ಮೇಡಂ ಮುಖ ತಿರುಗಿಸಿದರು. ಅವನನ್ನು ನೋಡಲೆಂದೇ ಬೀರುವಿನ ಕಡೆಗೆ.

"ಏನಂದ್ರಿ?"

"ಅವತ್ತು ನೀವು ಕೇಳಿದ್ರಿ. ಬೇರೆ ಬೇರೆ ಅಂದೆ. ಒಂದೇ ಬಕೆಟ್ಟಲ್ಲಿ ಹಾಕಿದ್ದೆ. ಮಧ್ಯಾಹ್ನ ಪೂರ್ತಿ."

"ಯಾಕೆ?"

ಇದೊಂದು ಪ್ರಶ್ನೆಗೆ ಅವನು ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಉತ್ತರ ಹೊಸೆದಿಟ್ಟಿದ್ದ, ಬಾಯಿಗೆ ಬಂದದ್ದು ನಡೆದದ್ದಷ್ಟೇ. "ಇನ್ನೊಂದರ ಮೇಲೆ ಕೂತಿದ್ದೆ. ಒಡೆದುಹೋಯ್ತು. ಹೇಳಿದ್ರೆ ಜೀಪಲ್ಲಿ ಎಲ್ಲರೂ ನಗ್ತಾರೆ ಅಂತ."

"ಅಷ್ಟೇನಾ?"

ಅವನು ತಲೆಯಾಡಿಸಿದ. ಅವರಿಗೆ ಅದು ಕಾಣುವುದಿಲ್ಲ ಎಂದು ಹೊಳೆದು, "ಅಷ್ಟೇ ಮೇಡಂ" ಎಂದ. ಈಗ ಅಕ್ಕನ ಮಾತು ಬರುತ್ತದೆ ಎಂದು ಕಾದ. ಬರಲಿ, ಬೈಯಲಿ, ಪಕ್ಕದಲ್ಲಿದ್ದ ಕೋಲಿನಿಂದ ಹೊಡೆದರೂ ಹೊಡೆಯಲಿ. ಮೇಡಂ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು, ಉಗುರಿನಿಂದ ಮರದ ಗೀರೊಂದನ್ನು ತೀಡುತ್ತಿದ್ದರು. ಅವನಿಗಲ್ಲ, ಯಾರಿಗೂ ಅಲ್ಲ ಎಂಬಂತೆ, "ಹಾಗಾದ್ರೆ ಅದು ಎಲ್ಲಿಗೂ ಹೋಗಿರ್ಲಿಲ್ಲ" ಅಂದರು. "ಅದರ ಊರಲ್ಲೇ ಇತ್ತು. ನಾವೇ ಬೇರೆ ಕಡೆ ಹುಡುಕಿದ್ದು."

ಹುಡುಗಿ ಅಳುವ ಹಾಗಿದ್ದಳು. "ಹೆಸರು ಮೇಡಂ? ಅದನ್ನ ಬದಲಾಯಿಸ್ಬೇಕಾಗುತ್ತಾ?"

"ಹೆಸರು ತೆಗೆಯೋಕಾಗಲ್ಲ. ಒಂದು ಸಲ ಇಟ್ಟ ಮೇಲೆ ಅದು ಅದೇ, ನಿಯಮ. ಹುಳ ಸುಳ್ಳಲ್ಲವಲ್ಲ, ಮೀನು ಸುಳ್ಳು." ಅವರು ಅಂಗೈ ಚಾಚಿದರು. "ಅದರ ಕಾರ್ಡ್ ತೆಗೀರಿ. ಹೊಸದೊಂದು ಬರೀರಿ, ನಿಮ್ಮ ಕೈಯಲ್ಲೇ."

ಪ್ರತಿ ಸ್ಲೈಡಿಗೂ ಒಂದು ಕಾರ್ಡು ಇರುತ್ತದೆ. ಹಳೆಯದನ್ನು ತೆಗೆದು ಅವರ ಅಂಗೈಯಲ್ಲಿಟ್ಟು, ಹೊಸ ಕಾರ್ಡಿನ ಮುಂದೆ ನಿಂತೇ ಬಗ್ಗಿ ಬರೆಯತೊಡಗಿದ. ಕೂರಲು ಧೈರ್ಯವಾಗಲಿಲ್ಲ. ಹುಳದ ಹೆಸರು. ಮೀನು ಎಂಬಲ್ಲಿ ಗೆಂಡೆ. ಹೊಳೆ, ತಾರೀಖು. ಷರಾ ಎಂಬ ಜಾಗಕ್ಕೆ ಬಂದು ಪೆನ್ನು ನಿಂತಿತು.

"ಅಲ್ಲೇನು ಬರೀಲಿ ಮೇಡಂ?"

"ನಡೆದದ್ದನ್ನ."

ಬರೆದ. ಅಕ್ಷರಗಳು ಎಂದಿನಂತೆ ಗುಂಡಗೆ, ಸಾಲು ಸೊಟ್ಟಾಗದೆ ಬಂದವು. ಕೈ ನಡುಗಬಾರದಿತ್ತೇ ಎಂದು ನಾಚಿಕೆಯಾಯಿತು. ಬರೆದು ಮುಗಿಸಿ ಕಾರ್ಡನ್ನು ಅವರ ಮುಂದಿಟ್ಟ. ಮೇಡಂ ಅದನ್ನು ಮುಟ್ಟಿ ನೋಡಿ, ಅವನ ಕಡೆಗೇ ತಳ್ಳಿದರು.

"ನನಗೆ ಕಾಣಲ್ಲ. ಓದಿ."

ಓದಿದ. ಹುಳದ ಹೆಸರು ಓದುವಾಗ ಅದರೊಳಗೆ ತನ್ನ ಹೆಸರೂ ಬಂತು. ಮೀನು, ಗೆಂಡೆ. ಷರಾ: ಗೆಂಡೆ ಮತ್ತು ಮೀಸೆಮೀನನ್ನು ಒಂದೇ ಬಕೆಟ್ಟಿನಲ್ಲಿ ಇಟ್ಟಿದ್ದರಿಂದ ಹುಳ ದಾಟಿದೆ. ಎರಡನೆಯ ಬಕೆಟ್ಟು ನಾನು ಕೂತು ಒಡೆದದ್ದು. ಕೇಳಿದಾಗ ಸುಳ್ಳು ಹೇಳಿದೆ. ಹುಡುಗಿ ಕಿಟಕಿಯ ಕಡೆ ತಿರುಗಿದ್ದಳು.

ಮೇಡಂ ಮುಖ ಬೀರುವಿನ ಕಡೆಗೇ ಇತ್ತು, ಅಂದರೆ ಅವನ ಕಡೆಗೆ.

"ಇನ್ನೊಂದು ಸಲ ಓದಿ" ಎಂದರು.

ಅವನು ಮೊದಲಿನಿಂದ ಓದತೊಡಗಿದ.